ಇಳಿಯದ ದಿನದ ಕೂಲಿ

ಬಸವ ಜಯಂತಿಯು ವೈಶಾಖ ಶುದ್ಧ ತದಿಗೆಯಂದು ಬರುತ್ತದೆ. ಘಟ್ಟದ ಮೇಲಿನ ನಮ್ಮ ಸೀಮೆಯಲ್ಲಿ ಅದು ಎತ್ತುಗಳನ್ನು ಸಿಂಗರಿಸಿ ಮೆರೆಸುವ ಹಬ್ಬ. ಘಟ್ಟದ ಕೆಳಗಿನ ಕುಮಟಾ, ಹೊನ್ನಾವರ, ಭಟ್ಕಳ ಪಟ್ಟಣಗಳಲ್ಲಿ ಅದೇ ಹೊತ್ತಿಗೆ ಮನೆಮನೆಯಲ್ಲೂ ಮತ್ತೊಂದು ಸಿದ್ಧತೆ ನಡೆದಿರುತ್ತದೆ. ಜೂನ್ ಆರಂಭದಲ್ಲಿ ಮಳೆ ಹಿಡಿಯಿತೆಂದರೆ ನಾಲ್ಕು ತಿಂಗಳು ಬಿಡುವಿಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕು ಸುರಿಯುವ ನಾಡು ಅದು. ಅಷ್ಟರೊಳಗೆ ಹೆಂಚು ಕೈಯಾಡಿಸಬೇಕು, ಬಾವಿಯ ಕೆಸರು ತೆಗೆಸಬೇಕು, ಉಪ್ಪುಗಾಳಿಗೆ ತುಕ್ಕು ಹಿಡಿದ ಬಾಗಿಲ ಕೀಲುಗಳನ್ನು ಬದಲಿಸಬೇಕು, ಗಟಾರ ಬಿಡಿಸಬೇಕು, ಪಂಪಿನ ತಂತಿ ನೋಡಿಸಬೇಕು. ಇವಕ್ಕೆಲ್ಲ ಒಬ್ಬ ಕೈಕೆಲಸದವನನ್ನು ಹುಡುಕುವುದು ರೂಢಿ. ಈ ಕೆಲಸಗಳಿಗೆ ನಾವೆಲ್ಲರೂ ಇಟ್ಟಿರುವ ಹೆಸರು ‘ಚಿಲ್ಲರೆ ಕೆಲಸ’. ಆ ಹೆಸರಿನ ಬಗೆಗೇ ಈ ತಿಂಗಳು ನಾಲ್ಕು ಮಾತು ಬರೆಯಬೇಕೆನಿಸಿದೆ.

ಕೆಳದಿಯ ಅರಸರ ಕಾಲದಲ್ಲಿ ಈ ಕರಾವಳಿಯು ಒಂದು ಶಿವಭಕ್ತ ಮನೆತನದ ಆಳ್ವಿಕೆಯಲ್ಲಿತ್ತು. ಹೊನ್ನಾವರದ ಬಳಿ ಕಡಲ ನಡುವೆ ಕಾಣುವ ಬಸವರಾಜದುರ್ಗವೆಂಬ ನಡುಗಡ್ಡೆಯ ಕೋಟೆ ಇಂದಿಗೂ ಅದರ ಗುರುತಾಗಿ ನಿಂತಿದೆ. ಈಗ ಅಲ್ಲಿ ನಾವು ಬಲ್ಲ ನಮ್ಮ ಸಮಾಜದ ಮನೆಗಳಲ್ಲಿ ಹೆಚ್ಚಿನವು ಶಾಲೆ, ಬ್ಯಾಂಕು, ಸರಕಾರಿ ಕಚೇರಿಗಳ ನೌಕರಿಯ ಮೇಲೆ ಧಾರವಾಡ, ಹಾವೇರಿ, ಗದಗಗಳ ಕಡೆಯಿಂದ ಇಳಿದು ಬಂದು ನೆಲೆಸಿದವು. ಒಣನಾಡಿನಲ್ಲಿ ಬೆಳೆದವರಿಗೆ ಜಂಬಿಟ್ಟಿಗೆ ಕಲ್ಲಿನ ಗೋಡೆ, ಹೆಂಚಿನ ಮಾಡು, ಅಂಗಳದ ಬಾವಿ ಇವುಗಳ ಮರ್ಮ ತಿಳಿಯದು. ಅದನ್ನು ಬಲ್ಲವನು ಅಲ್ಲಿಯ ಕೂಲಿಯವನು. ಅವನನ್ನು ನಂಬಿಯೇ ನಮ್ಮವರ ಮನೆಗಳು ಮಳೆಗಾಲವನ್ನು ದಾಟುತ್ತವೆ.

ಕೆಲವು ವರ್ಷಗಳ ಹಿಂದೆ ಕುಮಟೆಯ ಅಂಥ ಒಂದು ಮನೆಯವರು ಬಸವ ಜಯಂತಿಯ ಉಪನ್ಯಾಸಕ್ಕೆ ನಮ್ಮನ್ನು ಬರಮಾಡಿಕೊಂಡಿದ್ದರು. ಮನೆಯ ಯಜಮಾನರು ಸರಕಾರಿ ಸೇವೆಯಿಂದ ನಿವೃತ್ತರಾದವರು, ನಿತ್ಯ ಲಿಂಗಪೂಜೆಯುಳ್ಳವರು, ಉದಾರಿಗಳು. ಉಪನ್ಯಾಸದ ವಿಷಯ ಕಾಯಕ. ನಾವು ಒಂದು ದಿನ ಮುಂಚಿತವಾಗಿಯೇ ಹೋಗಿ, ಪಡಸಾಲೆಯಲ್ಲಿ ಕುಳಿತು ಮರುದಿನದ ಮಾತಿಗೆ ಟಿಪ್ಪಣಿ ಬರೆದುಕೊಳ್ಳುತ್ತಿದ್ದೆವು. ಅಂಗಳದಲ್ಲಿ ಬಾವಿ ಶುಚಿಗೊಳಿಸುವ ಸಿದ್ಧತೆ ನಡೆದಿತ್ತು. ಮರುದಿನ ನೂರು ಜನಕ್ಕೆ ದಾಸೋಹ. ಅಡಿಗೆಗೂ ಕುಡಿಯಲಿಕ್ಕೂ ಅದೇ ಬಾವಿಯ ನೀರು.

ಬಂದವರು ಐವತ್ತೈದರ ಆಸುಪಾಸಿನ ಹಿರಿಯರು. ಜೊತೆಗೆ ಸೋದರಳಿಯನಾದ ಒಬ್ಬ ಹುಡುಗ. ಪಂಪು ಹಚ್ಚಿ ನೀರನ್ನು ಬಹುಮಟ್ಟಿಗೆ ಖಾಲಿ ಮಾಡಿಯಾಗಿತ್ತು. ಆ ಹಿರಿಯರು ತಗಡಿನ ಡಬ್ಬಿಯಲ್ಲಿ ಮೇಣದಬತ್ತಿ ಹಚ್ಚಿಟ್ಟು ಹಗ್ಗ ಕಟ್ಟಿ ಮೆಲ್ಲಗೆ ಕೆಳಗಿಳಿಸಿದರು. ಅರ್ಧ ಆಳ ದಾಟಿದ್ದೇ ತಡ, ದೀಪ ನಂದಿತು. ಮೇಲೆಳೆದು ಮತ್ತೆ ಹಚ್ಚಿ ಇಳಿಸಿದರು. ಮತ್ತೆ ನಂದಿತು.

“ಒಡೆಯರೇ, ದೀಪ ನಿಲ್ಲುವುದಿಲ್ಲ. ಇವತ್ತು ಇಳಿಯಲಿಕ್ಕಾಗುವುದಿಲ್ಲ” ಎಂದರು.

ಯಜಮಾನರಿಗೆ ಸಿಟ್ಟು ಬಂದಿತು. “ಹೋದ ಸಲ ಒಂದು ತಾಸಿನಲ್ಲಿ ಇಳಿದು ಹತ್ತಿದೆಯಲ್ಲ? ನಾಳೆ ಮನೆ ತುಂಬ ಜನ ಬರುತ್ತಾರೆ. ಐನೂರು ರೂಪಾಯಿ ಹೆಚ್ಚಿಗೆ ಕೊಡುತ್ತೇನೆ, ಇಳಿ” ಎಂದರು.

ಆ ಹಿರಿಯರು ಬಾವಿಯ ಕಟ್ಟೆಯ ಮೇಲೆ ಕೈಯೂರಿ ಸುಮ್ಮನೆ ನಿಂತರು. ಅವರ ಮುಖದಲ್ಲಿ ಲೆಕ್ಕಾಚಾರ ನಡೆದುದು ನಮಗೆ ಕಂಡಿತು. ಮಳೆಗಾಲದಲ್ಲಿ ಕೂಲಿ ಸಿಗುವುದು ಕಡಿಮೆ. ಐನೂರು ರೂಪಾಯಿ ಎಂದರೆ ಒಂದು ವಾರದ ದಿನಸಿ. ಅವರು ನಿಧಾನವಾಗಿ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಳ್ಳತೊಡಗಿದರು. ಆ ಕ್ಷಣದಲ್ಲಿ ಕಾಯಕದ ಕುರಿತು ಟಿಪ್ಪಣಿ ಬರೆಯುತ್ತಿದ್ದ ನಾವು ಏನು ಮಾಡಿದೆವು? ಲೇಖನಿಯನ್ನು ಕೈಯಲ್ಲಿ ಹಿಡಿದು ನೋಡುತ್ತ ಕುಳಿತಿದ್ದೆವು. ಪರರ ಮನೆಯ ವ್ಯವಹಾರ, ಆತಿಥೇಯರ ಮಾತಿಗೆ ಅಡ್ಡ ಬರಬಾರದು ಎಂಬ ಸಂಕೋಚ ನಮ್ಮ ನಾಲಗೆಯನ್ನು ಕಟ್ಟಿಹಾಕಿತ್ತು. ಇದನ್ನು ಮುಚ್ಚಿಡದೆ ಬರೆಯುವುದು ನಮ್ಮ ಧರ್ಮ.

ಒಳಗಿನಿಂದ ಆ ಮನೆಯ ಸೊಸೆ ಬಂದರು. ಗದಗಿನ ಕಡೆಯ ಹೆಣ್ಣುಮಗಳು. ಬಂದವರೇ ಹಗ್ಗದ ಇನ್ನೊಂದು ತುದಿಯನ್ನು ಹಿಡಿದುಕೊಂಡರು. “ಕಾಕಾ, ಇಳೀಬ್ಯಾಡ್ರಿ” ಎಂದರು. ಮಾವನವರ ಕಡೆಗೆ ತಿರುಗಿ, “ಮಾವಾರ, ನೀರು ಬೇಕಾದ್ರ ಟ್ಯಾಂಕರಿನ್ಯಾಗ ತರಸೋಣ್ರಿ. ಮನಷ್ಯಾನ್ನ ಎಲ್ಲಿಂದ ತರಸೋಣು?” ಎಂದರು. ಯಜಮಾನರು ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಒಳಗೆ ಹೋಗಿ ಟ್ಯಾಂಕರಿನವನಿಗೆ ಫೋನು ಮಾಡಿದರು.

ಇಲ್ಲಿಗೆ ಕಥೆ ಮುಗಿಯಲಿಲ್ಲ. ಆ ಹಿರಿಯರು ಹಗ್ಗ ಸುತ್ತಿಟ್ಟು ಹೊರಡಲು ಸಿದ್ಧರಾದರು. ಕೂಲಿಯನ್ನು ಅವರು ಕೇಳಲಿಲ್ಲ, ಇವರು ಕೊಡಲಿಲ್ಲ. ಕೆಲಸವಾಗದ ಮೇಲೆ ಕೂಲಿ ಎಲ್ಲಿಯದು? ಇದೇ ಲೋಕರೂಢಿ. ಆಗ ನಮಗೆ ತಡವಾಗಿಯಾದರೂ ಬಾಯಿ ಬಂದಿತು. “ಅವರು ಇಂದು ಕೆಲಸ ಮಾಡಿದ್ದಾರೆ. ಬಾವಿಯಲ್ಲಿ ಸಾವು ಇದೆಯೆಂದು ತಿಳಿಸಿದ್ದಾರೆ. ಅದು ನಿಮಗಾಗಲಿ ನಮಗಾಗಲಿ ತಿಳಿದಿರಲಿಲ್ಲ” ಎಂದೆವು. ಯಜಮಾನರು ನಮ್ಮನ್ನು ಒಂದು ಗಳಿಗೆ ನೋಡಿ, ದಿನದ ಪೂರ್ತಿ ಕೂಲಿಯನ್ನು ಇಬ್ಬರಿಗೂ ತಂದುಕೊಟ್ಟರು. ಮರುದಿನದ ಉಪನ್ಯಾಸದಲ್ಲಿ ನಾವು ಬರೆದುಕೊಂಡಿದ್ದ ಟಿಪ್ಪಣಿಯನ್ನು ತೆರೆಯಲಿಲ್ಲ. ಹಬ್ಬ ಕಳೆದ ಮೇಲೆ, ಗಾಳಿ ಊದುವ ಯಂತ್ರವನ್ನು ಬಾಡಿಗೆಗೆ ತರಿಸಿ ಆ ಬಾವಿಯನ್ನು ಶುಚಿ ಮಾಡಿಸಿದರೆಂದು ತಿಳಿಯಿತು.

ದೀಪ ನಂದಿದುದರ ಅರ್ಥವನ್ನು ಓದುಗರು ಸರಿಯಾಗಿ ತಿಳಿಯಬೇಕು. ಬೇಸಿಗೆಯಲ್ಲಿ ಮೇಲಿನ ಗಾಳಿ ಕಾದು ಹಗುರವಾಗುತ್ತದೆ. ಬಾವಿಯೊಳಗಿನ ತಂಪು ಗಾಳಿ ಭಾರವಾಗಿ ಅಲ್ಲಿಯೇ ನಿಲ್ಲುತ್ತದೆ. ಬಿದ್ದ ಎಲೆ, ಕಸ ಕೊಳೆಯುವಾಗ ಅಲ್ಲಿಯ ಆಮ್ಲಜನಕ ಖರ್ಚಾಗಿ ಇಂಗಾಲದ ಡೈ ಆಕ್ಸೈಡು ತುಂಬುತ್ತದೆ. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕವು ನೂರಕ್ಕೆ 21 ಪಾಲು. ಅದು ಸುಮಾರು 16ಕ್ಕೆ ಇಳಿದಾಗ ದೀಪ ನಂದುತ್ತದೆ. ಇನ್ನೂ ಇಳಿದರೆ ಮನುಷ್ಯನಿಗೆ ಎಚ್ಚರ ತಪ್ಪುತ್ತದೆ, ಅದೂ ಕೂಗುವಷ್ಟು ವ್ಯವಧಾನವಿಲ್ಲದೆ. ಒಬ್ಬನು ಬಿದ್ದನೆಂದು ಇನ್ನೊಬ್ಬನು ಧಾವಿಸಿ ಇಳಿಯುತ್ತಾನೆ, ಅವನನ್ನು ಉಳಿಸಲು ಮೂರನೆಯವನು. ಒಂದೇ ಮನೆಯ ಇಬ್ಬರು ಮೂವರು ಒಂದೇ ಬಾವಿಯಲ್ಲಿ ತೀರಿಕೊಂಡ ವಾರ್ತೆಗಳನ್ನು ನಾವೆಲ್ಲ ಓದಿದವರೇ.

ದೀಪ ಉರಿದರೆ ನಿರ್ಭಯವೆಂದೂ ತಿಳಿಯಬಾರದು. ಎಣ್ಣೆಯಿಂದ ನಡೆಯುವ ಪಂಪನ್ನು ಬಾವಿಯೊಳಗೆ ಇಳಿಸಿ ನಡೆಸಿದರೆ ಅದರ ಹೊಗೆಯ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ಅದು ದೀಪವನ್ನು ನಂದಿಸದೆಯೇ ಮನುಷ್ಯನನ್ನು ನಂದಿಸುತ್ತದೆ. ಅಂಥ ಯಂತ್ರ ಯಾವಾಗಲೂ ಮೇಲೆಯೇ, ಕಟ್ಟೆಯಿಂದ ದೂರವೇ ಇರಬೇಕು. ಹಿಂದಿನವರು ಸೊಪ್ಪಿನ ಕಟ್ಟನ್ನು ಹಗ್ಗಕ್ಕೆ ಬಿಗಿದು ಮೇಲಕ್ಕೂ ಕೆಳಕ್ಕೂ ಆಡಿಸಿ ಗಾಳಿಯನ್ನು ಕದಡುತ್ತಿದ್ದರು. ಇಂದು ಗಾಳಿ ಊದುವ ಯಂತ್ರ ಬಾಡಿಗೆಗೆ ಸಿಗುತ್ತದೆ. ಕೆಲಸ ಮುಗಿಯುವವರೆಗೂ ಅದು ನಡೆಯುತ್ತಿರಬೇಕು. ಇಳಿಯುವವರ ಮೈಗೆ ಹಗ್ಗ, ಆ ಹಗ್ಗವನ್ನು ಹಿಡಿದು ಕಣ್ಣು ತೆಗೆಯದೆ ನಿಲ್ಲುವ ಇಬ್ಬರು ಮೇಲೆ. ಆ ಇಬ್ಬರಲ್ಲಿ ಒಬ್ಬರು ಮನೆಯವರೇ ಆಗಿರಲಿ ಎಂಬುದು ನಮ್ಮ ಸೂಚನೆ. ಹಗ್ಗವನ್ನು ಹಿಡಿದ ಕೈಗೆ ಆತುರ ಬರುವುದಿಲ್ಲ.

ಬಾವಿ ಶುಚಿಯಾಗಿ ಹೊಸ ನೀರು ಬಂದ ಮೇಲೆ ಬ್ಲೀಚಿಂಗ್ ಪುಡಿ ಹಾಕುವ ಕ್ರಮವನ್ನು ಹಲವು ತಾಯಂದಿರು ಕೇಳಿದ್ದಾರೆ. ಬಾವಿಯ ಅಡ್ಡಳತೆಯನ್ನು ಮೀಟರುಗಳಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಮತ್ತೆ 3.14ರಿಂದ ಗುಣಿಸಿ 4ರಿಂದ ಭಾಗಿಸಿದರೆ ಘನಮೀಟರುಗಳು ಬರುತ್ತವೆ. ಒಂದು ಘನಮೀಟರಿಗೆ 1000 ಲೀಟರು. ಎರಡು ಮೀಟರು ಅಗಲ, ಮೂರು ಮೀಟರು ನೀರಿರುವ ಬಾವಿಯಲ್ಲಿ 9,420 ಲೀಟರು ಇರುತ್ತದೆ. ಸಾಧಾರಣವಾಗಿ ಸಾವಿರ ಲೀಟರಿಗೆ ಒಳ್ಳೆಯ ಪುಡಿ ಎರಡೂವರೆ ಗ್ರಾಂ ಸಾಕು. ಈ ಬಾವಿಗೆ 24 ಗ್ರಾಂ. ಅದನ್ನು ಬಕೆಟ್ಟಿನ ನೀರಿನಲ್ಲಿ ಕಲಸಿ, ಐದು ಹತ್ತು ನಿಮಿಷ ಬಿಟ್ಟು, ತಳದ ಸುಣ್ಣವನ್ನು ಬಿಟ್ಟು ಮೇಲಿನ ತಿಳಿಯನ್ನಷ್ಟೇ ಬಾವಿಗಿಳಿಸಿ ಕೊಡದಿಂದ ಚೆನ್ನಾಗಿ ಕಲಕಬೇಕು. ಒಂದು ತಾಸು ಕಳೆದ ಮೇಲೆ ನೀರು ಸೇದಬಹುದು. ಕರಾವಳಿಯ ತೇವಕ್ಕೆ ಈ ಪುಡಿ ಬೇಗ ಸತ್ವ ಕಳೆದುಕೊಳ್ಳುವುದರಿಂದ ಕಳೆದ ವರ್ಷದ ಪೊಟ್ಟಣವನ್ನು ನಂಬಬಾರದು.

ಬಾವಿಯ ಮಾತು ಹೀಗಾದರೆ ಮಾಡಿನ ಮಾತು ಬೇರೆಯಲ್ಲ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯ ಮನೆಗಳ ತಲೆಯ ಮೇಲೆ ಕೆಂಪು ಹೆಂಚು ಬಂದಿತು. ಆ ಹೆಂಚನ್ನು ಕೈಯಾಡಿಸುವವನು ಪಕಾಸಿಯ ನೇರಕ್ಕೆ ಹೆಜ್ಜೆಯಿಟ್ಟು ನಡೆಯಬೇಕು. ನಡುವೆ ಕಾಲಿಟ್ಟರೆ ಹೆಂಚೂ ಹೋಯಿತು, ಕಾಲೂ ಹೋಯಿತು. ಹೊನ್ನಾವರದಲ್ಲಿ ನಮಗೆ ಪರಿಚಿತವಾದ ಒಂದು ಮನೆಯಲ್ಲಿ, ಅಕಾಲದ ಮಳೆ ಬಿದ್ದ ಮರುದಿನವೇ ಕೆಲಸದವನನ್ನು ಮಾಡಿಗೆ ಹತ್ತಿಸಿದರು. ಹಾವಸೆಯ ಮೇಲೆ ಜಾರಿ ಬಿದ್ದು ಅವನ ಕೈ ಮುರಿಯಿತು. “ಅವನಾಗಿಯೇ ಹತ್ತಿದ” ಎಂದು ಮನೆಯವರು ಹೇಳಿದರು. ಹೌದು, ಹತ್ತಿದ್ದು ಅವನೇ. ಆದರೆ “ಹೆಂಚು ಒಣಗಲಿ, ನಾಡಿದ್ದು ಬಾ, ಇಂದಿನ ಅರ್ಧ ಕೂಲಿ ತೆಗೆದುಕೋ” ಎಂದು ಹೇಳಬಲ್ಲವರು ಅಲ್ಲಿ ಒಬ್ಬರೇ ಇದ್ದರು: ಮನೆಯ ಯಜಮಾನರು.

ಇಂಥ ಸಂದರ್ಭಕ್ಕೆ ಮುಂಚಿತವಾಗಿ ಮಾಡಬಹುದಾದುದು ಬಹಳ ಸುಲಭವಾಗಿದೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ 18ರಿಂದ 70 ವರ್ಷದೊಳಗಿನ, ಬ್ಯಾಂಕು ಖಾತೆಯುಳ್ಳ ಯಾರಾದರೂ ವರ್ಷಕ್ಕೆ 20 ರೂಪಾಯಿ ಕಟ್ಟಿದರೆ, ಅಪಘಾತದಿಂದ ಮರಣವಾದಲ್ಲಿ ಕುಟುಂಬಕ್ಕೆ 2 ಲಕ್ಷ ರೂಪಾಯಿ ದೊರೆಯುತ್ತದೆ; ಶಾಶ್ವತ ಅಂಗವೈಕಲ್ಯಕ್ಕೂ ಪರಿಹಾರವುಂಟು. ಅದರ ವರ್ಷ ಆರಂಭವಾಗುವುದು ಜೂನ್ 1ರಂದು, ಮಳೆಯ ಜೊತೆಗೇ. ಕಟ್ಟಡ ಕೆಲಸದವರ ಕುರಿತ ಕಾಯಿದೆಯಂತೆ, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಅಂಥ ಕೆಲಸ ಮಾಡಿದ, 18ರಿಂದ 60 ವರ್ಷದೊಳಗಿನವರು ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ಓದುಬರಹ ಬಲ್ಲ ನಮ್ಮ ಮನೆಯ ಮಕ್ಕಳು ಒಂದು ಸಂಜೆ ಕುಳಿತು ಆ ಅರ್ಜಿಗಳನ್ನು ತುಂಬಿಕೊಡಲಿ. ಅದೂ ದಾಸೋಹವೇ.

ಇನ್ನು ಭಟ್ಕಳದ ಕಡೆಗೆ. ಮುರ್ಡೇಶ್ವರಕ್ಕೆ ಯಾತ್ರಿಕರು ಹೆಚ್ಚಿದಂತೆ ಆ ತಾಲೂಕಿನಲ್ಲಿ ಮನೆಗಳೇ ಅತಿಥಿಗೃಹಗಳಾಗುತ್ತಿವೆ; ಕೆಲವರು ಹಿತ್ತಲಲ್ಲಿ ಚಿಕ್ಕ ಈಜುಕೊಳವನ್ನೂ ಕಟ್ಟಿಸಿದ್ದಾರೆ. ನಮ್ಮ ಪರಿಚಿತರೊಬ್ಬರು ಹಾಗೆ ಕಟ್ಟಿಸಿ, ತೆಂಗಿನಕಾಯಿ ಕೀಳುವವನಿಗೇ ಅದರ ಉಸ್ತುವಾರಿಯನ್ನೂ ವಹಿಸಿದ್ದರು. ಒಂದೇ ಕಪಾಟಿನಲ್ಲಿ ಕ್ಲೋರಿನ್ ಪುಡಿ, ಪಕ್ಕದಲ್ಲಿ ಆಮ್ಲದ ಸೀಸೆ, ಎರಡಕ್ಕೂ ಒಂದೇ ಚಮಚ! ಇವೆರಡೂ ಕೂಡಿದರೆ ಏಳುವುದು ಶ್ವಾಸಕೋಶವನ್ನು ಸುಡುವ ಕ್ಲೋರಿನ್ ಅನಿಲ. ಅದನ್ನು ಕಂಡು ನಾವು ಆ ಕೆಲಸದವರನ್ನೇ ಕೇಳಿದೆವು. “ಯಾರೂ ಹೇಳಲಿಲ್ಲ ಸ್ವಾಮೀ. ಬಿಳಿಯದು ಒಂದು ಚಮಚ, ನೀರಿನಂಥದು ಅರ್ಧ ಲೋಟ ಎಂದಿದ್ದರು” ಎಂದರು. ಹೇಳಿಕೊಡದೆ ವಿಷವನ್ನು ಕೈಗೆ ಕೊಟ್ಟ ತಪ್ಪು ಕೂಲಿಯವನದೋ ಕೊಟ್ಟವನದೋ?

ಕೊಳದ ಕ್ರಮವೂ ಕಠಿಣವಲ್ಲ. ದಿನವೂ ಎಲೆ ತೆಗೆದು ಪಂಪು ನಡೆಸಿ ನೀರನ್ನು ಸೋಸಬೇಕು. ಅಂಗಡಿಯಲ್ಲಿ ಸಿಗುವ ಪರೀಕ್ಷಾ ಪೆಟ್ಟಿಗೆಯಿಂದ ನೋಡಿದಾಗ ಪಿಎಚ್ 7.2ರಿಂದ 7.8ರೊಳಗೆ, ಕ್ಲೋರಿನ್ ಲೀಟರಿಗೆ 1ರಿಂದ 3 ಮಿಲಿಗ್ರಾಂ ಇರಬೇಕು. ಬಿಸಿಲು ಕ್ಲೋರಿನನ್ನು ಕೆಡಿಸುವುದರಿಂದ ಸಂಜೆ ಹಾಕುವುದು ಮೇಲು. ಪುಡಿಯನ್ನು ನೀರಿಗೆ ಹಾಕಬೇಕಲ್ಲದೆ ಪುಡಿಯ ಮೇಲೆ ನೀರು ಹೊಯ್ಯಬಾರದು. ಕೈಗವಸು ಕೊಡಬೇಕು, ಎರಡು ಪದಾರ್ಥಗಳನ್ನು ಎರಡು ಕೋಣೆಗಳಲ್ಲಿಡಬೇಕು. ಕೊಳದ ಪಂಪಿಗೂ ಬಾವಿಯ ಪಂಪಿಗೂ, ವಿದ್ಯುತ್ತು ಸೋರಿದ ಕೂಡಲೇ ಕಡಿದುಹಾಕುವ 30 ಮಿಲಿ ಆಂಪಿಯರಿನ ಸಾಧನವನ್ನು ಹಾಕಿಸಬೇಕು. ಸುತ್ತ ಬೇಲಿಯಿಲ್ಲದ ಕೊಳ ಮಕ್ಕಳಿರುವ ಮನೆಗೆ ಸಲ್ಲದು.

ಒಂದು ಕೆಲಸವನ್ನು ಮಾತ್ರ ಯಾವ ಕೂಲಿಗೂ ಯಾರಿಗೂ ಹೇಳಬಾರದು. ಶೌಚದ ಗುಂಡಿಗೆ ಮನುಷ್ಯನನ್ನು ಇಳಿಸುವುದು. ರಕ್ಷಣಾ ಸಾಧನಗಳಿಲ್ಲದೆ ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದನ್ನು 2013ರ ಕಾಯಿದೆ ಅಪರಾಧವೆನ್ನುತ್ತದೆ. ಮೊದಲ ಸಲಕ್ಕೇ ಎರಡು ವರ್ಷಗಳವರೆಗೆ ಸೆರೆ ಅಥವಾ 2 ಲಕ್ಷದವರೆಗೆ ದಂಡ, ಇಲ್ಲವೆ ಎರಡೂ. ಇದು ಸಂಸ್ಥೆಗಳಿಗಷ್ಟೇ ಅಲ್ಲ, ಮನೆಯ ಯಜಮಾನನಿಗೂ ಅನ್ವಯಿಸುತ್ತದೆ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದು 2014ರಲ್ಲಿ ಹೇಳಿದ್ದ ಸುಪ್ರೀಂ ಕೋರ್ಟು 2023ರಲ್ಲಿ ಅದನ್ನು 30 ಲಕ್ಷಕ್ಕೇರಿಸಿತು. ಅಲ್ಲಿ ದೀಪದ ಪರೀಕ್ಷೆಯೂ ಸಲ್ಲದು. ಗುಂಡಿಯ ಅನಿಲ ಹೊತ್ತಿಕೊಂಡು ಸಿಡಿಯುತ್ತದೆ. ಹೀರುವ ಯಂತ್ರದ ವಾಹನವನ್ನು ಕರೆಸುವುದೊಂದೇ ದಾರಿ. ಕಾಯಿದೆ ಇಲ್ಲದಿದ್ದರೂ ಬಸವಾದಿ ಶರಣರ ಹೆಸರು ಹೇಳುವ ಮನೆಯಲ್ಲಿ ಆ ಕೆಲಸ ನಡೆಯಬಾರದಿತ್ತು.

ನಾವು ಜಯಂತಿಯ ವೇದಿಕೆಯಲ್ಲಿ ಹಗ್ಗ ಹೊಸೆದ ನುಲಿಯ ಚಂದಯ್ಯನವರನ್ನು, ದೋಣಿ ನಡೆಸಿದ ಅಂಬಿಗರ ಚೌಡಯ್ಯನವರನ್ನು, ಬಟ್ಟೆ ಮಡಿ ಮಾಡಿದ ಮಾಚಿದೇವರನ್ನು ಸ್ಮರಿಸುತ್ತೇವೆ. ಅದೇ ದಿನ ಅಂಗಳಕ್ಕೆ ಬಂದ ಕೈಕೆಲಸದವನನ್ನು ‘ಏ’ ಎಂದು ಕರೆಯುತ್ತೇವೆ. ಹುಲ್ಲು ಕೊಯ್ಯುವಾಗ ಲಿಂಗ ಜಾರಿ ನೀರಿಗೆ ಬಿದ್ದರೂ ಚಂದಯ್ಯನವರು ಕಾಯಕವನ್ನು ನಿಲ್ಲಿಸಲಿಲ್ಲವೆಂಬ ಕಥೆ ಶೂನ್ಯಸಂಪಾದನೆಯಲ್ಲಿದೆ. ಅಂಥ ಹಿರಿಮೆಯನ್ನು ಹೊಗಳುವ ನಾವು, ಒಬ್ಬ ಕಾಯಕದವನು ‘ಇಂದು ಬೇಡ’ ಎಂದರೆ ಸೋಮಾರಿಯೆಂದು ಬಿಡುತ್ತೇವೆ. ಯಾವಾಗ ಇಳಿಯಬೇಕೆಂಬುದನ್ನು ಬಲ್ಲಂತೆಯೇ ಯಾವಾಗ ಇಳಿಯಬಾರದೆಂಬುದನ್ನು ಬಲ್ಲುದೂ ಕಾಯಕದ ಜ್ಞಾನವೇ ಅಲ್ಲವೆ? ವೈದ್ಯನು ಶಸ್ತ್ರಕ್ರಿಯೆ ಬೇಡವೆಂದರೆ ಅವನಿಗೆ ದಕ್ಷಿಣೆ ಕೊಟ್ಟು ಬರುತ್ತೇವೆ. ಬಾವಿಯವನು ಬೇಡವೆಂದರೆ ಬರಿಗೈಯಲ್ಲಿ ಕಳುಹಿಸುತ್ತೇವೆ. ಬರಿಗೈಯಲ್ಲಿ ಹೋಗಬೇಕಾದವನು ಮುಂದಿನ ಮನೆಯಲ್ಲಿ ದೀಪ ನಂದಿದರೂ ಇಳಿಯುತ್ತಾನೆ.

ಆಯ್ದಕ್ಕಿ ಮಾರಯ್ಯನವರು ಒಂದು ದಿನ ಹೆಚ್ಚು ಅಕ್ಕಿ ತಂದಾಗ, ಲಕ್ಕಮ್ಮನವರು ಅದನ್ನು ತಿರುಗಿ ಕೊಟ್ಟು ಬನ್ನಿರೆಂದು ಕಳುಹಿಸಿದ ಪ್ರಸಂಗ ಎಲ್ಲರಿಗೂ ಗೊತ್ತು. ಕೂಲಿ ಹೆಚ್ಚು ಕೇಳಿದವನಿಗೆ ಈ ಕಥೆಯನ್ನು ಉಪದೇಶಿಸಿದ ಯಜಮಾನರನ್ನು ನಾವು ಕಂಡಿದ್ದೇವೆ. ಲಕ್ಕಮ್ಮನವರು ಆ ಮಾತನ್ನು ಹೇಳಿದ್ದು ಪರರ ಮನೆಗಲ್ಲ, ತಮ್ಮ ಮನೆಗೆ. ಅದು ಉಳ್ಳವರು ತಮ್ಮೊಳಗಿನ ಆಸೆಗೆ ಹೇಳಿಕೊಳ್ಳಬೇಕಾದ ಕಥೆ. ಉಳಿಸಿದ ಕೂಲಿಯೂ ನಮ್ಮದಲ್ಲದ ಅಕ್ಕಿಯೇ; ಅಪಾಯಕ್ಕೆ ದೂಡಲು ಕೊಡುವ ಐನೂರೂ ನ್ಯಾಯದ ಕೂಲಿಯಲ್ಲ.

ಆದ್ದರಿಂದ ಈ ಬೇಸಿಗೆಯಲ್ಲಿ ಕೆಲಸಕ್ಕೆ ಕರೆಯುವ ಮೊದಲೇ, ಏನು ಕೆಲಸ, ಎಷ್ಟು ಕೂಲಿ, ಸಾಮಾನು ಯಾರದು, ಊಟ ಯಾರದು ಎಂದು ಬಾಯಿಬಿಟ್ಟು ಗೊತ್ತುಮಾಡಿಕೊಳ್ಳಿ. ಕೂಲಿಯನ್ನು ಅದೇ ಸಂಜೆ ಕೊಡಿ. ಬಹುವಚನದಿಂದ ಮಾತಾಡಿಸಿ. ಮಕ್ಕಳಿಗೆ ಅವರ ಹೆಸರನ್ನು ಕಲಿಸಿ. ಎಲ್ಲಕ್ಕಿಂತ ಮಿಗಿಲಾಗಿ ಒಂದು ಮಾತನ್ನು ಮೊದಲೇ ಹೇಳಿಬಿಡಿ: ‘ಅಪಾಯವಿದೆಯೆಂದು ನೀವು ಕೆಲಸ ಬಿಟ್ಟರೂ ಇಂದಿನ ಕೂಲಿ ನಿಮ್ಮದೇ.’

ಕುಮಟೆಯ ಆ ಯಜಮಾನರು ಕಳೆದ ವರ್ಷ ನಮಗೆ ಭೇಟಿಯಾಗಿದ್ದರು. ಈಗ ಪ್ರತಿವರ್ಷವೂ ಬಾವಿಯ ಕೆಲಸಕ್ಕೆ ಬಸವ ಜಯಂತಿಗೆ ಎರಡು ವಾರ ಮೊದಲೇ ದಿನ ಗೊತ್ತುಮಾಡುತ್ತಾರಂತೆ. ಮೇಲಿನ ಮಾತನ್ನು ತಪ್ಪದೆ ಹೇಳುತ್ತಾರಂತೆ. “ಒಮ್ಮೆ ಮತ್ತೆ ದೀಪ ನಂದಿತ್ತು, ಬುದ್ಧಿ. ಕೂಲಿ ಕೊಟ್ಟೆ. ಎರಡು ದಿನ ಬಿಟ್ಟು ಬಂದು ಇಳಿದರು. ಹಗ್ಗ ನಾನೇ ಹಿಡಿದಿದ್ದೆ” ಎಂದರು. ಆ ವರ್ಷ ಕಾಯಕದ ಕುರಿತು ಉಪನ್ಯಾಸಕ್ಕೆ ಅವರು ಯಾರನ್ನೂ ಕರೆಸಲಿಲ್ಲವೆಂದೂ ತಿಳಿಯಿತು. ಅದರಿಂದ ಕೊರತೆಯೇನೂ ಆಗಿರಲಾರದು.